ಕುಡಿಯುವ ಕಾಯಿ

ತಲೈಮನ್ನಾರ್ ಕಟ್ಟೆಯಲ್ಲಿ

ಸುಂಕದ ಅಧಿಕಾರಿ ನನ್ನ ಚೀಲದಿಂದ ಒಂದು ತೆಂಗಿನಕಾಯಿ ತೆಗೆದು, ಕಿವಿಯ ಬಳಿ ಹಿಡಿದು, ಅಲ್ಲಾಡಿಸಿದರು. ಒಳಗೆ ಏನೋ ಗಡಗಡ ಉರುಳಿತು. ಎರಡನೆಯದನ್ನು ಅಲ್ಲಾಡಿಸಿದರು, ಅದೂ ಉರುಳಿತು. ಐದು ಕಾಯಿಗಳ ಪರೀಕ್ಷೆ ಮುಗಿಯುವಷ್ಟರಲ್ಲಿ ಅವರ ಬೆನ್ನ ಹಿಂದೆ ಇನ್ನಿಬ್ಬರು ಅಧಿಕಾರಿಗಳು ಬಂದು ನಿಂತಿದ್ದರು.

“ತೆಂಗಿನ ದೇಶಕ್ಕೆ ತೆಂಗಿನಕಾಯಿ ಹೊತ್ತು ತಂದವರನ್ನು ನಾನು ನೋಡುತ್ತಿರುವುದು ಇದೇ ಮೊದಲು,” ಎಂದರು ಇಂಗ್ಲಿಷಿನಲ್ಲಿ. “ಒಳಗೆ ಏನು ಬಚ್ಚಿಟ್ಟಿದ್ದೀರಿ?”

ರಾಮೇಶ್ವರದಿಂದ ಲಂಕೆಗೆ ಬಂದ ಹಡಗಿನಿಂದ ಆಗಷ್ಟೇ ಇಳಿದಿದ್ದೆ. ಆದರೂ ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದವಳು ಹಿಂಜರಿಯಬಾರದೆಂದು, “ದಿಸ್ ಈಸ್ ಎ ಕೋಕನಟ್ ವಿಚ್...” ಎಂದು ಆರಂಭಿಸಿದೆ. ‘ವಿಚ್’ ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ‘ಅಟ್ಟದ ಮೇಲೆ ವರ್ಷವಿಡೀ ಒಣಗಿ, ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಕಳಚಿಕೊಂಡ ಕಾಯಿ’ ಎಂಬ ಕನ್ನಡ ವಾಕ್ಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆ ವಾಕ್ಯದಲ್ಲಿ ಕಾಯಿ ಬರುವುದು ಕಟ್ಟಕಡೆಗೆ. ಇಂಗ್ಲಿಷಿನಲ್ಲಿ ನಾನು ಕಾಯಿಯನ್ನು ಮೊದಲೇ ಹೇಳಿಬಿಟ್ಟಿದ್ದೆ. ಉಳಿದುದನ್ನು ಯಾವ ಬಾಗಿಲಿನಿಂದ ಒಳಗೆ ತರುವುದೆಂದು ತಿಳಿಯಲಿಲ್ಲ.

ನನ್ನ ಹಿಂದೆ ನಿಂತಿದ್ದ ರಂಗಪ್ಪ ಮೇಷ್ಟ್ರಿಗೆ ಸಹನೆ ಮೀರಿತು. ಅವರು ಚಿಕ್ಕನಾಯಕನಹಳ್ಳಿಯವರು, ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದ ಇಂಗ್ಲಿಷ್ ಅಧ್ಯಾಪಕರು, ಅದಕ್ಕಿಂತ ಹೆಚ್ಚಾಗಿ ತೆಂಗಿನ ತೋಟದವರು.

“ಅಕ್ಕೋರೆ, ಮಾತ್ಯಾಕೆ? ಒಡ್ದು ತೋರ್ಸಿ ಬುಡಿ!” ಎಂದವರೇ ಕಾಯಿಯನ್ನು ಕಸಿದು ಕಬ್ಬಿಣದ ಕಂಬಿಗೆ ಒಂದೇ ಏಟು ಹೊಡೆದರು. ಚಿಪ್ಪು ಎರಡಾಯಿತು. ಒಳಗಿನ ಉಂಡೆ ಕೊಬ್ಬರಿ ಇಡಿಯಾಗಿ ಹೊರಗೆ ಹಾರಿ, ಮೇಜಿನ ಕೆಳಗೆ ಉರುಳಿ, ಅಧಿಕಾರಿಯ ಬೂಟಿಗೆ ತಗುಲಿ ನಿಂತಿತು. ಮೇಷ್ಟ್ರು ಅದನ್ನೆತ್ತಿ ಪಂಚೆಯಲ್ಲಿ ಒರೆಸಿ, ಮುರಿದು, ಮೂವರ ಕೈಗೂ ಒಂದೊಂದು ಚೂರು ಇಟ್ಟರು.

ಮೂವರೂ ಅಗಿದರು. ನಮ್ಮ ಚೀಲಗಳ ಮೇಲೆ ಸೀಮೆಸುಣ್ಣದ ಗುರುತು ಬಿತ್ತು. “ಇದರ ಹೆಸರೇನು?” ಎಂದು ಹಿರಿಯ ಅಧಿಕಾರಿ ಕೇಳಿದರು. ಕೊಬ್ಬರಿ ಎಂದೆವು. ಅವರು ನಂಬಲಿಲ್ಲ. ಅವರ ದೇಶದಲ್ಲಿ ಕೊಬ್ಬರಿಯೆಂದರೆ ಹೋಳು ಮಾಡಿ, ಹೊಗೆಯಲ್ಲಿ ಒಣಗಿಸಿ, ಎಣ್ಣೆಯ ಗಿರಣಿಗೆ ಕಳಿಸುವ ಸರಕು. ಯಾರೂ ಬಾಯಿಗೆ ಹಾಕುವುದಿಲ್ಲವಂತೆ.

“ಹೊಗೆ ಹಾಕ್ತಾರಂತೆ ಕಣ್ರೀ, ಕೊಬ್ರಿಗೆ!” ಎಂದು ಮೇಷ್ಟ್ರು ರೈಲು ಹತ್ತುವವರೆಗೂ ಮರುಗುತ್ತಿದ್ದರು.

ನಾನು ಮರುಗುತ್ತಿದ್ದುದು ಬೇರೆಯದಕ್ಕೆ. ಆ ‘ವಿಚ್’ ನನ್ನನ್ನು ಕಾಲಿಟ್ಟ ಗಳಿಗೆಯಲ್ಲೇ ಕೆಡವಿತ್ತು.

ನಾವು ಹೊರಟ ಕಾರಣ

ಎಪ್ಪತ್ತರ ದಶಕದ ನಡುವಿನ ಮಾತು. ತೆಂಗು ಬೆಳೆಯುವ ದೇಶಗಳ ಹಳ್ಳಿಶಾಲೆಗಳ ಇಂಗ್ಲಿಷ್ ಅಧ್ಯಾಪಕರಿಗಾಗಿ ಶ್ರೀಲಂಕೆಯ ಒಂದು ಕಾಲೇಜು ಆರು ವಾರಗಳ ತರಬೇತಿ ಏರ್ಪಡಿಸಿತ್ತು. ನಮ್ಮ ಸೀಮೆಯಿಂದ ಅರ್ಜಿ ಹಾಕಿದವರು ಇಬ್ಬರೇ, ಆಯ್ಕೆಯಾದವರೂ ಇಬ್ಬರೇ. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ.

ನಾನು ಅರ್ಜಿ ಹಾಕಿದ್ದು ಹತ್ತನೇ ತರಗತಿಗಾಗಿ. ಹೊನ್ನವಳ್ಳಿಯ ಪಕ್ಕದ ನಮ್ಮೂರ ಪ್ರೌಢಶಾಲೆಯಲ್ಲಿ, ಹೆಂಗಸರು ಎಂಟನೇ ತರಗತಿಯನ್ನು ದಾಟಿ ಕಲಿಸಬಾರದೆಂಬ ನಿಯಮವಿತ್ತು. ಅದನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ, ಆದ್ದರಿಂದ ಅಳಿಸಲೂ ಆಗುತ್ತಿರಲಿಲ್ಲ. ಹತ್ತನೆಯ ತರಗತಿಯ ಇಂಗ್ಲಿಷ್ ಬೆತ್ತದ ಜೊತೆಗೆ ನಡೆಯುತ್ತಿತ್ತು. ಹುಡುಗಿಯರು ನಪಾಸಾಗುತ್ತಿದ್ದರು, ಆ ನಪಾಸನ್ನೇ ಮನೆಯವರು ಮದುವೆಗೆ ಒದಗಿದ ಮುಹೂರ್ತವೆಂದು ಭಾವಿಸುತ್ತಿದ್ದರು.

ಶಾಲಾ ಸಮಿತಿಯ ಕಾರ್ಯದರ್ಶಿ ನಂಜಪ್ಪನವರು, ಶಾಲೆಯ ಎದುರಿಗೇ ಇರುವ ಬಸ್ ಸ್ಟ್ಯಾಂಡ್ ಹೋಟೆಲಿನ ಮಾಲೀಕರು. ನಾನು ಹತ್ತನೆಯ ತರಗತಿ ಕೇಳಿದಾಗ ಗಲ್ಲಾಪೆಟ್ಟಿಗೆಯಿಂದ ಏಳದೆ ಹೇಳಿದ್ದರು: “ಗೌರಮ್ಮ, ಹತ್ನೇ ಕ್ಲಾಸು ಅಂದ್ರೆ ಮೀಸೆ ಬಂದ್ ಹುಡುಗ್ರು ಕಣಮ್ಮ. ನಿಂಗ್ಯಾಕ್ ಆ ಗಲಾಟೆ? ಆಯ್ತು, ಫಾರಿನ್ ಸರ್ಟಿಫಿಕೇಟ್ ತಗಂಡ್ ಬಾ, ಆಮ್ಯಾಕ್ ನೋಡಾನ.” ಯಾವ ಹೆಣ್ಣೂ ಹೋಗಲಾರಳೆಂಬ ಧೈರ್ಯದಿಂದ ಕೊಟ್ಟ ಮಾತು ಅದು.

ಆ ಸರ್ಟಿಫಿಕೇಟಿಗಾಗಿ ನಾನು ಹೊರಟೆ. ಪರವೂರಿನ ಗಂಡಸಿನೊಡನೆ ಹಡಗು ಹತ್ತುತ್ತಾಳೆಂಬ ಊರಿನ ಮಾತಿಗೆ, ಮೇಷ್ಟ್ರ ಹೆಂಡತಿಯೇ ತಿಪಟೂರು ಸ್ಟೇಷನ್ನಿಗೆ ಬಂದು ಉತ್ತರ ಕೊಟ್ಟರು: “ನಮ್ ಯಜಮಾನ್ರನ್ನ ಕರ್ಕಂಡ್ ಹೋಗಿ ಕರ್ಕಂಡ್ ಬರ್ರಿ ಅಕ್ಕೋರೆ. ಅವ್ರು ದಾರಿ ತಪ್ಪೋ ಗಿರಾಕಿ.”

ಕಡಲತೀರದ ಕಾಲೇಜು

ಕೊಲಂಬೋದಿಂದ ಉತ್ತರಕ್ಕೆ, ತೆಂಗಿನ ತೋಪುಗಳ ನಡುವೆ ಇದ್ದ ಆ ಊರಿನಲ್ಲಿ ನಮಗೆ ಪಾಠ ಹೇಳಿದವರು ಮಿಸೆಸ್ ಕೋಲ್ ಎಂಬ ಇಂಗ್ಲಿಷ್ ಮಹಿಳೆ. ಅವರು ತರಗತಿಗೆ ಪುಸ್ತಕದ ಬದಲು ಬುಟ್ಟಿ ತರುತ್ತಿದ್ದರು. ಬ್ರೆಡ್ಡು, ಮಡಕೆಯ ಮೊಸರು, ಟೀ ಸೊಪ್ಪು, ಒಣಮೀನು, ಚಹಾದ ಕಪ್ಪು, ಚಾಕು. ಒಬ್ಬೊಬ್ಬರೂ ಒಂದೊಂದನ್ನು ಎತ್ತಿ, ಅದು ಏನೆಂದು ಒಂದೇ ವಾಕ್ಯದಲ್ಲಿ ಹೇಳಬೇಕು. ಆ ವಾಕ್ಯದಲ್ಲಿ, ಯಾರು ಎಂಬರ್ಥದ ‘ಹೂ’ ಅಥವಾ ಯಾವುದು ಎಂಬರ್ಥದ ‘ವಿಚ್’ ಇರಲೇಬೇಕು. ಬೇಕರಿಯವನು ಎಂದರೆ ಬ್ರೆಡ್ ಮಾಡುವ ಮನುಷ್ಯ, ಕೆಟಲ್ ಎಂದರೆ ನೀರು ಕಾಯಿಸುವ ಪಾತ್ರೆ, ಹೀಗೆ.

ಕೇಳಲು ಸುಲಭ. ಆದರೆ ಕನ್ನಡದಲ್ಲಿ ಮರ ಹತ್ತುವವನು ಹತ್ತಿ ಮುಗಿಸಿದ ಮೇಲೆ ಮನುಷ್ಯನಾಗುತ್ತಾನೆ. ಇಂಗ್ಲಿಷಿನಲ್ಲಿ ಮೊದಲು ಮನುಷ್ಯನನ್ನು ನಿಲ್ಲಿಸಿ, ಆಮೇಲೆ ಮರ ತೋರಿಸಬೇಕು.

ನನ್ನ ಕೈಗೆ ಮೊದಲ ದಿನ ಬಂದದ್ದು ಅಲ್ಲಿನ ಕೇಸರಿ ಬಣ್ಣದ ಎಳನೀರು. ‘ಕುಡಿಯುವ ಕಾಯಿ’ ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಎದ್ದು ನಿಂತು ಸ್ಪಷ್ಟವಾಗಿ ಹೇಳಿದೆ: “ಎ ಟೆಂಡರ್ ಕೋಕನಟ್ ಈಸ್ ಎ ಕೋಕನಟ್ ವಿಚ್ ಡ್ರಿಂಕ್ಸ್.”

ಕಾಯಿ ಕುಡಿಯುತ್ತದೆ ಎಂದುಬಿಟ್ಟಿದ್ದೆ. ಫಿಲಿಪೈನ್ಸಿನ ರೋಸಾ ಎಂಬಾಕೆ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಕರಿಹಲಗೆಯ ಮೇಲೆ, ಟೋಪಿ ಹಾಕಿಕೊಂಡು ಲೋಟ ಎತ್ತಿದ ಒಂದು ಎಳನೀರಿನ ಚಿತ್ರ ಬರೆದಿದ್ದಳು.

ನನ್ನ ಮಾನ ಕಾಪಾಡಲೆಂದು ರಂಗಪ್ಪ ಮೇಷ್ಟ್ರು ಎದ್ದು, ತಮ್ಮ ಪಾಲಿಗೆ ಬಂದ ಕೋಳಿಯ ಚಿತ್ರವನ್ನು ಮೇಲೆತ್ತಿ ಹಿಡಿದರು. “ಚಿಕನ್ ಈಸ್ ಎ ಬರ್ಡ್ ವಿಚ್ ಈಟ್ಸ್.” ತಿನ್ನುವ ಕೋಳಿ.

“ನಿಜ ಮಿಸ್ಟರ್ ರಂಗಪ್ಪ,” ಎಂದರು ಮಿಸೆಸ್ ಕೋಲ್ ಮೆಲ್ಲಗೆ. “ಆದರೆ ಗುಬ್ಬಚ್ಚಿಯೂ ತಿನ್ನುತ್ತದಲ್ಲ?”

ಆ ಸಂಜೆ ನಾವಿಬ್ಬರೂ ಕಡಲ ದಂಡೆಯಲ್ಲಿ ಕುಳಿತು ನಮ್ಮ ತಪ್ಪಿನ ಬೇರು ಹುಡುಕಿದೆವು. ಕುಡಿಯುವ ನೀರು ಎನ್ನುತ್ತೇವೆ. ಕುಡಿಯುವ ಗಂಡ ಎಂದೂ ಎನ್ನುತ್ತೇವೆ. ನೀರು ಕುಡಿಯುವುದಿಲ್ಲ, ಗಂಡ ಕುಡಿಯುತ್ತಾನೆ. ಆದರೂ ಪದ ಒಂದೇ. ಯಾರು ಕುಡಿದರು, ಏನನ್ನು ಕುಡಿದರು ಎಂಬುದನ್ನು ನಮ್ಮ ಮಾತು ಹೇಳದೆಯೇ ದಾಟಿಸಿಬಿಡುತ್ತದೆ.

“ಅದ್ಕೇನ್ರೀ ತೊಂದ್ರೆ?” ಎಂದರು ಮೇಷ್ಟ್ರು. “ಕುಡಿಯೋ ಗಂಡ ಅಂದ್ರೆ ಗಂಡನ್ನ ಯಾರೋ ಲೋಟಕ್ಕೆ ಬಗ್ಗಿಸ್ಕಂಡ್ ಕುಡುದ್ರು ಅಂತ ತಿಳ್ಕಂಡೋರು ನಮ್ ಚಿಕ್ನಾಯ್ಕನಳ್ಳೀಲಿ ಒಬ್ರಾದ್ರೂ ಅವ್ರಾ?”

“ತೊಂದರೆ ಇದೆ ಮೇಷ್ಟ್ರೇ. ಸುಲಿದ ಕಾಯಿ ಎನ್ನುತ್ತೇವೆ. ಸುಲಿದವರು ಯಾರು? ನನ್ನ ತಂದೆಯ ಕೊಬ್ಬರಿ ಮಂಡಿಯಲ್ಲಿ ಕೂತು ದಿನವಿಡೀ ಚಿಪ್ಪು ಒಡೆಯುವ ಹೆಂಗಸರ ಹೆಸರು ಯಾವ ವಾಕ್ಯದಲ್ಲಿ ಬರುತ್ತದೆ?”

“ಅಲೆಲೆ! ವ್ಯಾಕರಣಕ್ಕೂ ಧರಣಿ ಕೂರ್ಸ್ತೀರಲ್ಲ ಅಕ್ಕೋರೆ.”

ಅವರು ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ನನ್ನೊಳಗೆ ಉಳಿಯಿತು.

ಕಡೆಯ ವಾರ ಪ್ರತಿಯೊಬ್ಬರೂ ಊರ ಶಾಲೆಯ ಮಕ್ಕಳಿಗೆ ಒಂದು ಪಾಠ ಮಾಡಬೇಕಿತ್ತು. ಒಬ್ಬ ಇನ್ಸ್‌ಪೆಕ್ಟರು ಬಂದು ಕೂರುವರು. ಅವರು ಒಪ್ಪಿದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಬರಿಗೈ. ಯಾರಿಗೆ ಯಾವ ಪಾಠವೆಂದು ಚೀಟಿ ಎತ್ತಿಸಿದರು. ನನ್ನ ಚೀಟಿಯನ್ನು ಬಿಚ್ಚಿದಾಗ ಅದರಲ್ಲಿ ಎರಡೇ ಪದಗಳಿದ್ದವು: ಹೂ, ವಿಚ್.

ಚಹಾ ಅಂಗಡಿ

ಕಾಲೇಜಿನ ಬಾಗಿಲಲ್ಲೇ ಒಬ್ಬ ಮುದುಕಿಯ ಚಹಾ ಅಂಗಡಿ ಇತ್ತು. ಅಲ್ಲಿ ಚಹಾಕ್ಕೆ ಹಾಲಿಲ್ಲ, ಸಕ್ಕರೆಯೂ ಇಲ್ಲ. ಕಪ್ಪು ಡಿಕಾಕ್ಷನ್ ಒಂದು ಕೈಗೆ, ಬೆಲ್ಲದ ಚೂರು ಇನ್ನೊಂದು ಕೈಗೆ ಬರುತ್ತದೆ. ಬೆಲ್ಲ ಕಚ್ಚಬೇಕು, ಚಹಾ ಹೀರಬೇಕು. ರಂಗಪ್ಪ ಮೇಷ್ಟ್ರು ಮೊದಲ ದಿನ ಬೆಲ್ಲವನ್ನೆಲ್ಲ ಒಂದೇ ಸಲ ಬಾಯಿಗೆ ಹಾಕಿಕೊಂಡು, ಉಳಿದ ಚಹಾವನ್ನು ಕಷಾಯ ಕುಡಿದ ಮುಖದಲ್ಲಿ ಮುಗಿಸಿದರು. ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕು, ಇನ್ನೊಂದು ಚೂರು ಕೊಟ್ಟಳು.

ನನಗೆ ಆ ಬೆಂಚಿನ ಮೇಲೆ ಕೂರುವುದೇ ಒಂದು ಹಬ್ಬವಾಗಿತ್ತು. ಓದುಗರಲ್ಲಿ ಗಂಡಸರಿಗೆ ಇದು ಅರ್ಥವಾಗದು. ಮೂವತ್ನಾಲ್ಕು ವರ್ಷ ತಿಪಟೂರು ಸೀಮೆಯಲ್ಲಿ ಬಾಳಿದ ನಾನು ಹೋಟೆಲಿನಲ್ಲಿ ಕುಡಿದಿದ್ದರೆ ಅದು ಪರದೆ ಎಳೆದ, ಕಿಟಕಿಯಿಲ್ಲದ, ‘ಫ್ಯಾಮಿಲಿ ರೂಮ್’ ಎಂಬ ಗೂಡಿನಲ್ಲಿ ಮಾತ್ರ. ಇಲ್ಲಿ ಬೀದಿಗೆ ಮುಖ ಮಾಡಿ, ಕಾಲು ಚಾಚಿ, ಹೋಗುವ ಬಸ್ಸುಗಳನ್ನು ನೋಡುತ್ತ ಕುಡಿದೆ. ಮೀನುಗಾರರು, ಮಾಸ್ತರರು, ಗಾಡಿಯವರು ಎಲ್ಲರಿಗೂ ಅದೇ ಗಾಜಿನ ಲೋಟಗಳು. ಈ ದೇಶದಲ್ಲಿ ಮೇಲುಕೀಳಿಲ್ಲವೆಂದು ನಾನು ಬರೆಯಲಾರೆ. ಆರು ವಾರದ ಅತಿಥಿಯ ಕಣ್ಣಿಗೆ ಬೀಳದ್ದು ಬಹಳ. ಆ ಬೆಂಚಿನಲ್ಲಿ ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ.

ಒಂದು ದಿನ ಬುಟ್ಟಿಯಿಂದ ನನಗೆ ಚಹಾದ ಕಪ್ಪು ಬಂತು. ಈ ಸಲ ಎಡವಬಾರದೆಂದು ಪದಗಳನ್ನು ಒಂದೊಂದಾಗಿ ಇಟ್ಟೆ: “ಎ ಕಪ್ ಈಸ್ ಎ ಥಿಂಗ್ ಫ್ರಮ್ ವಿಚ್ ಆಲ್ ಪೀಪಲ್ ಡ್ರಿಂಕ್.” ಕಪ್ಪು ಎಂದರೆ ಎಲ್ಲ ಜನರೂ ಕುಡಿಯುವ ಸಾಧನ.

ತಪ್ಪೇ ಇರಲಿಲ್ಲ. ತರಗತಿ ಚಪ್ಪಾಳೆ ತಟ್ಟಿತು. ಆಗ ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು, ನೋಯಿಸುವ ಉದ್ದೇಶವಿಲ್ಲದೆ, ತಗ್ಗಿದ ದನಿಯಲ್ಲಿ ಕೇಳಿದರು:

“ಎಲ್ರೂನಾ ಅಕ್ಕೋರೆ? ನಿಮ್ ನಂಜಪ್ಪನ್ ಹೋಟ್ಲಲ್ಲೂ ಎಲ್ರೂನಾ?”

ನಂಜಪ್ಪನವರ ಹೋಟೆಲಿನ ಸೂರಿನ ಹೊರಗೆ, ಮೊಳೆಗಳಿಗೆ ತಗುಲಿಹಾಕಿದ ನಾಲ್ಕು ತಗಡಿನ ಲೋಟಗಳಿದ್ದವು. ಊರಾಚೆಯ ದಲಿತರ ಕಾಲೋನಿಯ ಜನ ಅವನ್ನು ತಾವೇ ಇಳಿಸಿಕೊಂಡು, ಹೊರಗೆ ನಿಂತು ಕುಡಿದು, ತಾವೇ ತೊಳೆದು ತಗುಲಿಹಾಕಬೇಕಿತ್ತು. ಕಾನೂನು ಅದನ್ನು ಅಪರಾಧವೆನ್ನುತ್ತದೆ. ಜಾತಿಯಿಲ್ಲದ ಪಂಕ್ತಿಯಲ್ಲಿ ಉಣ್ಣಿಸಿ ಬೆಳೆಸಿದ ಹಾಸ್ಟೆಲಿನ ಶಾಲೆಯಲ್ಲಿ ಓದಿದವಳು ನಾನು. ಆ ಲೋಟಗಳ ವಿರುದ್ಧ ಮೂರು ಭಾಷಣ ಮಾಡಿದವಳು. ಆದರೆ ಒಂದು ವಾಕ್ಯ ಸರಿಬರಲೆಂದು ‘ಎಲ್ಲ ಜನರೂ’ ಎಂದು ಸುಳ್ಳು ಹೇಳಿದ್ದೆ.

ನೋಟುಪುಸ್ತಕ ತೆರೆದು ಆ ಎರಡು ಪದಗಳನ್ನು ಹೊಡೆದುಹಾಕಿದೆ. ಎ ಕಪ್ ಈಸ್ ಎ ಥಿಂಗ್ ಫ್ರಮ್ ವಿಚ್... ಡ್ರಿಂಕ್. ನಡುವೆ ಖಾಲಿ ಬಿಟ್ಟೆ. ಯಾರು ಎಂದು ನಿಜವಾಗಿ ಬರೆಯುವ ದಿನ ಬರಲಿ ಎಂದುಕೊಂಡೆ.

ಹಗ್ಗದ ದಾರಿ

ನಾಲ್ಕನೆಯ ವಾರ ನಮ್ಮನ್ನು ತೋಪುಗಳಿಗೆ ಕರೆದೊಯ್ದರು. ಸೇಂದಿ ಇಳಿಸುವವರು ಅಲ್ಲಿ ಮರದಿಂದ ಮರಕ್ಕೆ ಇಳಿದು ಹತ್ತುವುದಿಲ್ಲ. ಮರಗಳ ತುದಿಯಿಂದ ತುದಿಗೆ ನಾರಿನ ಹಗ್ಗ ಕಟ್ಟಿರುತ್ತಾರೆ. ಕೆಳಗಿನ ಹಗ್ಗದ ಮೇಲೆ ಕಾಲು, ಮೇಲಿನ ಹಗ್ಗಕ್ಕೆ ಕೈ. ಸೊಂಟದಲ್ಲಿ ಗಡಿಗೆ ತೂಗಿಕೊಂಡು ಆಕಾಶದಲ್ಲಿ ನಡೆದುಹೋಗುತ್ತಾರೆ.

ಮೇಷ್ಟ್ರು ಕತ್ತು ಹಿಂದಕ್ಕೆ ಬಾಗಿಸಿ ನಿಂತವರು ಅಲ್ಲಾಡಲಿಲ್ಲ. “ಅಕ್ಕೋರೆ, ನೋಡ್ರಿ ಅತ್ಲಾಗೆ! ಆ ಮರದಿಂದ ಈ ಮರಕ್ಕೆ ಬೀಗರ ಮನೇಗ್ ಹೋದಂಗ್ ಹೋಗ್ತಾವ್ನೆ!”

ಮೇಲಿದ್ದವನಿಗೆ ಈ ಮೆಚ್ಚುಗೆ ಭಾಷೆಯ ಹಂಗಿಲ್ಲದೆ ತಲುಪಿತು. ಆತ ಹಗ್ಗದಲ್ಲಿ ಒಂದು ಗಡಿಗೆ ಇಳಿಬಿಟ್ಟ. ಮೇಷ್ಟ್ರು ಹೆಂಡದಂಗಡಿಯಿರುವ ಬೀದಿಯಲ್ಲಿ ಹೆಜ್ಜೆಯಿಡದವರು. ಇದು ಆಗತಾನೆ ಇಳಿದ ಸಿಹಿ ನೀರಾ ಎಂದು ನಂಬಿ, ಚಿಪ್ಪಿನಲ್ಲಿ ಮೊಗೆದು ಮೂರು ಸಲ ಕುಡಿದರು. ಅದು ಬೆಳಗಿನ ಗಡಿಗೆ. ಬಿಸಿಲಿಗೆ ಆಗಲೇ ಹುಳಿಯಾಗಿ ಏರಿತ್ತು. ಸ್ವಲ್ಪ ಹೊತ್ತಿನಲ್ಲಿ ಅವರು ಸಹಪಾಠಿಗಳಿಗೆಲ್ಲ ಅಡಿಕೆ ತೋಟದ ನೀರಾವರಿಯನ್ನು ಕನ್ನಡದಲ್ಲಿ ವಿವರಿಸತೊಡಗಿದರು.

ಜಂಜಿಬಾರಿನ ಯೂಸುಫ್, ತರಗತಿಯಲ್ಲಿ ಬಾಯಿಬಿಡದ ನಾಚಿಕೆಯ ಮನುಷ್ಯ, ಮೇಷ್ಟ್ರತ್ತ ಬೆರಳು ತೋರಿಸಿ ಹೇಳಿದ: “ಹೀ ಈಸ್ ಎ ಮ್ಯಾನ್ ಹೂ ಡ್ರಿಂಕ್ಸ್.”

ಕುಡಿಯುವ ಮನುಷ್ಯ! ಕಡೆಗೂ ಆ ಕ್ರಿಯಾಪದಕ್ಕೆ ತಕ್ಕ ಯಜಮಾನ ಸಿಕ್ಕಿದ್ದ. ಮಿಸೆಸ್ ಕೋಲ್ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

“ಮನೇಲಿ ಹೇಳ್‌ಬ್ಯಾಡ್ರಿ ಅಕ್ಕೋರೆ,” ಎಂದು ಮೇಷ್ಟ್ರು ವಾಪಸಾಗುವ ಬಸ್ಸಿನಲ್ಲಿ ನಾಲ್ಕು ಸಲ ಹೇಳಿದರು. ಅವರ ಹೆಂಡತಿಯ ಒಪ್ಪಿಗೆ ಪಡೆದೇ ಈಗ ಬರೆಯುತ್ತಿದ್ದೇನೆ.

ಅದೇ ದಿನ ಕೊಬ್ಬರಿಗೆ ಹೊಗೆ ಹಾಕುವ ಗೂಡನ್ನೂ ನೋಡಿದೆವು. ಹೊಗೆಯಲ್ಲಿ ಕಣ್ಣು ಕೆಂಪಾದ ಹೆಂಗಸರು ಹೋಳುಗಳಿಂದ ತಿರುಳು ಬಿಡಿಸುತ್ತಿದ್ದರು. ಪಕ್ಕದಲ್ಲಿ ಅಷ್ಟೇ ರಾಶಿ ಬಿಡಿಸುತ್ತಿದ್ದ ಗಂಡಸರಿಗಿಂತ ಅವರಿಗೆ ಕೂಲಿ ಕಡಿಮೆಯೆಂದು ಮೇಸ್ತ್ರಿ ಸಂಕೋಚವಿಲ್ಲದೆ ತಿಳಿಸಿದ. ಮರುದಿನ ಕೊಬ್ಬರಿಯನ್ನು ವಿವರಿಸುವಾಗ ನಾನು ಆ ಹೆಂಗಸರನ್ನೂ, ಹೊಗೆಯನ್ನೂ, ಕೂಲಿಯನ್ನೂ ಮೂರು ‘ಹೂ’ಗಳಿಂದ ವಾಕ್ಯದೊಳಗೆ ತಂದೆ. ವಾಕ್ಯ ತೀರ ಭಾರವಾಯಿತೆಂದರು ಮಿಸೆಸ್ ಕೋಲ್. ಆ ಹೆಂಗಸರು ಹೊರುವ ಹೊರೆಯೂ ಭಾರವೇ ಎಂದೆ. “ಕುಳಿತುಕೊಳ್ಳಿ ಗೌರಮ್ಮ,” ಎಂದರು ಮಿಸೆಸ್ ಕೋಲ್. ಅಪ್ಪನ ಮಂಡಿಯಲ್ಲಿ ಚಿಪ್ಪು ಒಡೆಯುವವರಿಗೆ ಎಷ್ಟು ಕೂಲಿಯೆಂದು ನಾನು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಕುಳಿತ ಮೇಲೆ ಹೊಳೆಯಿತು. ಊರಿಗೆ ಮರಳಿದ ಮೇಲೆ ಕೇಳಬೇಕೆಂದು ನೋಟುಪುಸ್ತಕದಲ್ಲಿ ಅದನ್ನೂ ಬರೆದುಕೊಂಡೆ.

ಪಾಠದ ದಿನ

ಬಿಳಿ ಸಮವಸ್ತ್ರದ ಮೂವತ್ತು ಹುಡುಗಿಯರು. ಸಿಂಹಳ ಮಾತಾಡುವವರು ಕೆಲವರು, ತಮಿಳು ಮಾತಾಡುವವರು ಕೆಲವರು. ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರು, ಮಿಸೆಸ್ ಕೋಲ್, ಮತ್ತು ನನಗಿಂತ ಹೆಚ್ಚು ಬೆವರುತ್ತಿದ್ದ ರಂಗಪ್ಪ ಮೇಷ್ಟ್ರು.

ಟೀ ಸೊಪ್ಪು ಎತ್ತಿ ತೋರಿಸಿದೆ. ಮುಂದಿನ ಸಾಲಿನ ಹುಡುಗಿ ಎದ್ದು ಹೇಳಿದಳು: “ಟೀ ಈಸ್ ಎ ಡ್ರಿಂಕ್ ವಿಚ್ ಡ್ರಿಂಕ್ಸ್ ಇನ್ ದ ಮಾರ್ನಿಂಗ್.”

ಬೆಳಿಗ್ಗೆ ಕುಡಿಯುವ ಚಹಾ. ಇನ್ಸ್‌ಪೆಕ್ಟರ ಪೆನ್ನು ಕಾಗದದ ಮೇಲೆ ಏನನ್ನೋ ಗೀಚಿತು. ನಾನು ಮಾತ್ರ ಕುಣಿಯುವುದೊಂದು ಬಾಕಿ. ಅದು ನನ್ನದೇ ತಪ್ಪು! ಕಡಲು ದಾಟಿ ಬಂದು ಇಲ್ಲಿ ನನ್ನನ್ನು ಕಾದುಕುಳಿತಿತ್ತು. ನಿನ್ನ ಮನೆಮಾತಿನಲ್ಲಿ ಹೇಳು ಎಂದೆ. ಅವಳು ತಮಿಳಿನಲ್ಲಿ ಹೇಳಿದಳು. ‘ಕುಡಿಕ್ಕಿರ’ ಎಂಬ ಪದ ನನಗೆ ತಂಗಿಯ ದನಿಯಂತೆ ಕೇಳಿಸಿತು. ಸಿಂಹಳದ ಹುಡುಗಿಯರನ್ನು ಕೇಳಿದೆ. ಅವರ ಮಾತಿನಲ್ಲೂ ಕುಡಿಯುವ ಪದ ಮೊದಲು, ಚಹಾ ಆಮೇಲೆ, ನಡುವೆ ಕುಡಿದವರು ಇಲ್ಲ.

ತಪ್ಪನ್ನು ತಿದ್ದಲಿಲ್ಲ. ಒಂದೇ ಪದ ಕೇಳಿದೆ: “ಹೂ?” ಯಾರು ಕುಡಿಯುತ್ತಾರೆ?

“ಮೈ ಫಾದರ್, ಟೀಚರ್.”

“ಹಾಗಾದರೆ ನಿನ್ನ ಅಪ್ಪನನ್ನು ಯಾಕೆ ಹೊರಗೆ ನಿಲ್ಲಿಸಿದ್ದೀಯ? ಒಳಗೆ ಕರೆದುಕೊಂಡು ಬಾ.”

ಹುಡುಗಿ ನಕ್ಕಳು. ವಾಕ್ಯ ಸರಿಯಾಯಿತು: ನನ್ನ ಅಪ್ಪ ಬೆಳಿಗ್ಗೆ ಕುಡಿಯುವ ಪಾನೀಯ ಚಹಾ. ಆಮೇಲೆ ಕೈಗಳೇ ಕೈಗಳು. ಮೀನು ಎಂದರೆ ಅಣ್ಣ ಹಿಡಿದು ತರುವ ಆಹಾರ; ಮೊಸರು ಎಂದರೆ ಅಜ್ಜಿ ಬೆಕ್ಕಿನಿಂದ ಬಚ್ಚಿಡುವ ಪದಾರ್ಥ. ಪ್ರತಿ ವಾಕ್ಯಕ್ಕೂ ಒಬ್ಬ ಮನುಷ್ಯ ಬಂದು ಸೇರುತ್ತಿದ್ದ. ಆಗ ಮೂಲೆಯ ಹುಡುಗಿಯೊಬ್ಬಳು ಎದ್ದು, ಬ್ರೆಡ್ ಎಂದರೆ ನನ್ನ ಅಮ್ಮ ನಾಲ್ಕು ಗಂಟೆಯಿಂದ ಸಾಲಿನಲ್ಲಿ ನಿಂತು ತರುವ ಆಹಾರ ಎಂದಳು.

ಅಕ್ಕಿಗೂ ಬ್ರೆಡ್ಡಿಗೂ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು.

“ಆ ಉದಾಹರಣೆ ಬದಲಿಸಬಹುದು,” ಎಂದರು ಇನ್ಸ್‌ಪೆಕ್ಟರು.

ಹತ್ತನೆಯ ತರಗತಿಯ ಬಾಗಿಲು ಅವರ ಪೆನ್ನಿನ ತುದಿಯಲ್ಲಿತ್ತು. ಬದಲಿಸೋಣ ಎಂಬ ಮಾತು ಬಾಯಿಯವರೆಗೂ ಬಂತು. ಆ ಹುಡುಗಿ ಇನ್ನೂ ನಿಂತೇ ಇದ್ದಳು.

“ವ್ಯಾಕರಣ ಸರಿಯಾಗಿದೆ ಸರ್,” ಎಂದೆ. “ಬದಲಾಗಬೇಕಾದದ್ದು ಸಾಲು.”

ಅವರು ಕಾಗದದ ಮೇಲೆ ಬಹಳ ಹೊತ್ತು ಬರೆದರು. ಹೊರಗೆ ಬಂದಾಗ ಮೇಷ್ಟ್ರು ಕೈ ಹಿಸುಕಿಕೊಳ್ಳುತ್ತಿದ್ದರು. “ಅಕ್ಕೋರೆ, ಒಂದಪ ಸುಮ್ಕಿದ್ದಿದ್ರೆ ಗಂಟೇನ್ ಹೋಗ್ತಿತ್ರೀ?”

ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಮಿಸೆಸ್ ಕೋಲ್ ನನ್ನ ಕೈಗೆ ಸರ್ಟಿಫಿಕೇಟು ಇಟ್ಟು, “ಆ ತಪ್ಪನ್ನು ನಾನು ಹದಿನೈದು ವರ್ಷ ತಿದ್ದಿದ್ದೇನೆ. ಅದು ಎಲ್ಲಿಂದ ಬರುತ್ತದೆಂದು ಕೇಳಿರಲಿಲ್ಲ,” ಎಂದರು. ಅಚ್ಚಾದ ಸಾಲುಗಳ ಕೆಳಗೆ ಕೈಬರಹದ ಒಂದು ಸಾಲಿತ್ತು: “ಎ ಟೀಚರ್ ಹೂ ಆಸ್ಕ್ಸ್ ಹೂ.” ಯಾರು ಎಂದು ಕೇಳುವ ಶಿಕ್ಷಕಿ. ಬರಹ ಇನ್ಸ್‌ಪೆಕ್ಟರದು.

ಮರಳಿ ಹಡಗು

ಬರುವಾಗ ಅರೆ ಖಾಲಿಯಿದ್ದ ಹಡಗು ಹೋಗುವಾಗ ಕಿಕ್ಕಿರಿದಿತ್ತು. ಟ್ರಂಕು, ಪಾತ್ರೆ, ಕೋಳಿಬುಟ್ಟಿಗಳೊಡನೆ, ಅಜ್ಜಂದಿರ ಕಾಲದಲ್ಲಿ ಭಾರತದಿಂದ ಹೋಗಿದ್ದ ಚಹಾ ತೋಟದ ಕೂಲಿಯವರ ಸಂಸಾರಗಳು. ಎರಡು ಸರ್ಕಾರಗಳು ಮಾತಾಡಿಕೊಂಡು ಇವರನ್ನು ಹಂಚಿಕೊಂಡಿದ್ದವು. ನಮ್ಮ ಪಕ್ಕದಲ್ಲಿ ಕುಳಿತ ಮುತ್ತಮ್ಮ ಎಂಬಾಕೆಯ ಕಾಗದದಲ್ಲಿ ಆಕೆ ಭಾರತಕ್ಕೆ ‘ಹಿಂತಿರುಗುವವಳು’ ಎಂದಿತ್ತು. ಆಕೆ ಹುಟ್ಟಿದ್ದು ಬೆಟ್ಟದ ತೋಟದಲ್ಲಿ. ಭಾರತವನ್ನು ಕಂಡೇ ಇರಲಿಲ್ಲ. ಕಾಣದ ಊರಿಗೆ ಹಿಂತಿರುಗುವುದು ಹೇಗೆ? ‘ಕಳಿಸಿದ ಜನ’ ಎಂದು ಬರೆಯಹೋಗಿ ಪೆನ್ನು ನಿಲ್ಲಿಸಿದೆ. ಕಳಿಸಿದವರೂ ಕಳಿಸಿದ ಜನವೇ, ಕಳಿಸಿಕೊಂಡವರೂ ಕಳಿಸಿದ ಜನವೇ. ನನ್ನ ನುಡಿಯ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು.

“ಅಲ್ಲಿ ಚಹಾ ಗಿಡ ಇದೆಯಾ?” ಎಂದು ಆಕೆ ತಮಿಳಿನಲ್ಲಿ ಕೇಳಿದಳು. ನಮ್ಮ ಕಡೆ ತೆಂಗು ಎಂದೆವು. ಉಳಿದಿದ್ದ ಒಂದೇ ಕಾಯಿಯನ್ನು ಮೇಷ್ಟ್ರು ಅವಳ ಕಿವಿಯ ಬಳಿ ಅಲ್ಲಾಡಿಸಿದರು. ಗಡಗಡ ಸದ್ದಿಗೆ ಆಕೆ ಬೆಚ್ಚಿ, ಆಮೇಲೆ ಹುಡುಗಿಯಂತೆ ನಕ್ಕಳು. ಕೊಬ್ಬರಿ ಹಂಚಿಕೊಂಡು ತಿಂದೆವು. ಇಳಿಯುವ ಮುನ್ನ ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಟೀ ಸೊಪ್ಪು ಕೊಟ್ಟಳು. ಅದನ್ನು ಕಿತ್ತವಳು ಯಾರೆಂದು ನನಗೆ ಗೊತ್ತು.

ಹತ್ತನೇ ತರಗತಿ

ನಂಜಪ್ಪನವರು ಸರ್ಟಿಫಿಕೇಟನ್ನು ಎರಡೂ ಕಡೆ ತಿರುವಿ ನೋಡಿದರು. “ಇದೇನಮ್ಮ, ಕೈಯಲ್ ಬರ್ದಿರೋದು?” ಅರ್ಥ ಹೇಳಿದೆ.

“ಯಾರು ಯಾರು ಅಂತ ಕೇಳೋಳು ಅಂತಾನಾ? ಇದ್ನ ಹೇಳಕೆ ಲಂಕೆಗಂಟ ಹೋಗ್ಬೇಕಿತ್ತಾ? ನಾನೇ ಬರ್ದ್ ಕೊಡ್ತಿದ್ನಲ್ಲ!” ಹೋಟೆಲಿನವರೆಲ್ಲ ನಕ್ಕರು. ಆದರೆ ಕೊಟ್ಟ ಮಾತಿಗೆ ನಾಲ್ಕು ಜನ ಸಾಕ್ಷಿಯಿದ್ದರು. “ಆಯ್ತ್ ಬುಡು, ತಗ ಹತ್ನೇ ಕ್ಲಾಸು. ಒಂದ್ ವರ್ಸ ನೋಡಾನ.”

ಸೋಮವಾರ ನಾನು ಹತ್ತನೆಯ ತರಗತಿಯ ಮೆಟ್ಟಿಲು ಹತ್ತಿದೆ. ಬೆತ್ತವನ್ನು ಬೀರುವಿನ ಮೇಲೆ ಹಾಕಿದೆ. ಕರಿಹಲಗೆಯ ಮೇಲೆ ಟೋಪಿ ಹಾಕಿದ ಎಳನೀರು ಬರೆದು ನನ್ನ ತಪ್ಪನ್ನು ಮೊದಲು ಹೇಳಿದೆ. ಮೀಸೆ ಬಂದ ಹುಡುಗರು ಬೆಂಚು ಬಡಿದು ನಕ್ಕರು. ಒಂದು ವಾರ ಅನ್ನ, ಮುದ್ದೆ, ಮಜ್ಜಿಗೆ ಎಲ್ಲವೂ ಯಾರು ಯಾರೊಡನೆಯೋ ತರಗತಿಗೆ ಬಂದವು.

ಶನಿವಾರ ನೋಟುಪುಸ್ತಕ ತೆರೆದು, ಖಾಲಿ ಬಿಟ್ಟಿದ್ದ ಆ ವಾಕ್ಯವನ್ನು ಹಲಗೆಯ ಮೇಲೆ ಬರೆದೆ. ಎ ಕಪ್ ಈಸ್ ಎ ಥಿಂಗ್ ಫ್ರಮ್ ವಿಚ್... ಯಾರು? “ಪೀಪಲ್” ಎಂದ ಒಬ್ಬ. “ಟೀಚರ್ಸ್” ಎಂದ ಇನ್ನೊಬ್ಬ. ಕಿಟಕಿಯ ಪಕ್ಕದಲ್ಲಿ ಕೂರುವ, ಕಾಲೋನಿಯಿಂದ ಬರುವ ಕೆಂಪಮ್ಮ ಹೊರಗೆ ನೋಡುತ್ತಿದ್ದಳು. ಕಿಟಕಿಯಿಂದ ಹೋಟೆಲು ಕಾಣುತ್ತದೆ, ಸೂರು ಕಾಣುತ್ತದೆ, ನಾಲ್ಕು ಲೋಟಗಳೂ ಕಾಣುತ್ತವೆ. ಅವಳು ಎದ್ದು ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಖಾಲಿ ಜಾಗದಲ್ಲಿ ಎರಡು ಪದ ಬರೆದಳು.

“ಎ ಕಪ್ ಈಸ್ ಎ ಥಿಂಗ್ ಫ್ರಮ್ ವಿಚ್ ಐ ವಿಲ್ ಡ್ರಿಂಕ್.” ಕಪ್ಪು ಎಂದರೆ ನಾನು ಮುಂದೆ ಕುಡಿಯಲಿರುವ ಸಾಧನ.

ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಹೋಟೆಲು ನಂಜಪ್ಪನವರದು, ಹತ್ತನೆಯ ತರಗತಿಯನ್ನು ನನಗೆ ಕೊಟ್ಟವರೂ ಅವರೇ. ಆರು ವಾರ ‘ಯಾರು’ ಎಂದು ಕೇಳಿ ಪಳಗಿದ ನನ್ನ ನಾಲಿಗೆ ಈಗ ಬೇರೊಂದು ಪ್ರಶ್ನೆ ಕೇಳಿತು.

“ಯಾವಾಗ, ಕೆಂಪಮ್ಮ?”

“ಇವತ್ತೇ ಮಿಸ್. ಬೆಲ್ ಹೊಡದ್ ಮ್ಯಾಲೆ, ಆ ಹೋಟ್ಲೊಳಗೆ.” ಸೀಮೆಸುಣ್ಣವನ್ನು ನನ್ನ ಅಂಗೈಯಲ್ಲಿಟ್ಟಳು. “ನೀವೂ ಬತ್ತೀರಾ?”

“ಬತ್ತೀನಿ ಕಣೇ,” ಎಂದೆ.

ಇಡೀ ತರಗತಿ ಎದ್ದು ನಿಂತಿತ್ತು.